ಹೆರಿಗೆ ನಂತರ ಸೇರುವಾಗ ನೋವು: ಕೆಗೆಲ್ ದಿನಕ್ಕೆ ಎಷ್ಟು ಸಲ ಮಾಡಬೇಕು?

ಹೆರಿಗೆಯಾಗಿ ಎಂಟು ತಿಂಗಳು, ಗಂಡನ ಜೊತೆ ಸೇರುವಾಗ ನೋವು, ಸುಖವೂ ಇಲ್ಲ, ಕೆಗೆಲ್ (ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಹಿಡಿದು ಬಿಡುವ ವ್ಯಾಯಾಮ) ಇನ್ನೂ ಜಾಸ್ತಿ ಮಾಡಲಾ ಅಂತ ಕೇಳಿದ್ದೀರಿ. ಬೇಡ. ಸದ್ಯಕ್ಕೆ ನಿಲ್ಲಿಸಿಬಿಡಿ. ಇದನ್ನೇ ಮಾಡಿ ನಾನು ಒಂದು ವರ್ಷ ಕಳೆದುಕೊಂಡೆ.

ಬಾಣಂತನ ಮುಗಿಸಿ ಸುರತ್ಕಲ್‌ಗೆ ಬಂದಮೇಲೆ ಬಸ್ಸಿನಲ್ಲೇ ಶುರು ಮಾಡಿದ್ದೆ. ಬಿಗಿ ಹಿಡಿ, ಹತ್ತು ಎಣಿಸು, ಬಿಡು. ಪಣಂಬೂರು ಬರುವಷ್ಟರಲ್ಲಿ ಇಪ್ಪತ್ತು, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್‌ನಲ್ಲಿ ಇಳಿಯುವಾಗ ಐವತ್ತು. ಹೆರಿಗೆಯಾದರೆ ಸಡಿಲ ಆಗುತ್ತದೆ, ಬಿಗಿಯಾದರೆ ಎಲ್ಲ ಸರಿಹೋಗುತ್ತದೆ ಅಂತ ತಾನೇ ಎಲ್ಲರೂ ಹೇಳುವುದು? ನೋವು ಜಾಸ್ತಿಯಾದಾಗ ಎಣಿಕೆಯನ್ನೂ ಜಾಸ್ತಿ ಮಾಡಿದೆ. ನನ್ನದು ಸಡಿಲವೋ ಬಿಗಿಯೋ ಅಂತ ಯಾರ ಹತ್ತಿರವೂ ತೋರಿಸಲಿಲ್ಲ. ತಪ್ಪಾದದ್ದು ಅಲ್ಲೇ. ಹಿಡಿದದ್ದನ್ನು ಎಣಿಸಿದೆ, ಬಿಟ್ಟದ್ದನ್ನು ಗಮನಿಸಲೇ ಇಲ್ಲ. ಬಿಟ್ಟೆ ಅಂದುಕೊಂಡಾಗಲೂ ಅರ್ಧ ಹಿಡಿದೇ ಇರುತ್ತಿದ್ದೆ.

ಕೊನೆಗೆ ಮಂಗಳೂರಿನ ಒಬ್ಬರು ಫಿಸಿಯೋಥೆರಪಿಸ್ಟ್ ಪರೀಕ್ಷೆ ಮಾಡಿದರು. ಆಮೇಲೆ ಮುಷ್ಟಿ ಹಿಡಿಯಲು ಹೇಳಿ, ಎರಡು ನಿಮಿಷ ಬಿಡಬೇಡಿ ಅಂದರು. ಬೆರಳು ನಡುಗಿತು. ತೆರೆದಾಗ ಅಂಗೈ ಬಿಳಿಚಿಕೊಂಡಿತ್ತು. "ಒಳಗೆ ನಿಮ್ಮ ಸ್ನಾಯು ಯಾವಾಗಲೂ ಹೀಗೇ ಇದೆ" ಅಂದರು.

ಮುಂದೆ ಕಿಬ್ಬೊಟ್ಟೆಯ ಕೆಳಗಿನ ಮೂಳೆಯಿಂದ ಹಿಂದೆ ಬಾಲದ ಮೂಳೆವರೆಗೆ ಈ ಸ್ನಾಯು ಮಗುವಿನ ಜೋಲಿಯ ಹಾಗೆ ಇದೆ. ಸುಖದ ತುದಿಯಲ್ಲಿ ಇದೇ ಬಿಗಿದು, ಬಿಟ್ಟು, ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಮಿಡಿಯುತ್ತದೆ. ಮೊದಲೇ ಬಿಗಿದಿದ್ದರೆ ಮಿಡಿಯುವುದು ಹೇಗೆ? ಯೋನಿಯ ಮೇಲೆ ಮುಂದಿರುವ, ಸುಖ ಕೊಡುವ ಅಂಗ ಕ್ಲಿಟೋರಿಸ್ ಕೂಡ ಹೊರಗೆ ಕಾಣುವಷ್ಟೇ ಅಲ್ಲ, ಅದರ ಕವಲುಗಳು ಒಳಗೆ ಎರಡೂ ಬದಿಗೆ ಇಳಿದಿವೆ. ಆಸ್ಟ್ರೇಲಿಯಾದ ವೈದ್ಯೆ ಹೆಲೆನ್ ಒ'ಕಾನೆಲ್ 1998ರಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಪಿಯುಸಿಯಲ್ಲಿ ಸೈನ್ಸ್ ಓದಿದ ನನಗೂ ಗೊತ್ತಿರಲಿಲ್ಲ.

ಅರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದದ್ದು ಸ್ನಾಯು ಸಡಿಲವಾದವರಿಗೆ. ಕೆಮ್ಮಿದರೆ ಮೂತ್ರ ಸೋರುವವರಿಗೆ ಈಗಲೂ ಒಳ್ಳೆಯದೇ.

ನನಗೆ ಹೇಳಿಕೊಟ್ಟದ್ದು ಇಷ್ಟೇ. ಮಂಡಿ ಮಡಚಿ ಮಲಗಿ, ಹೊಟ್ಟೆ ಉಬ್ಬುವಂತೆ ನಿಧಾನ ಉಸಿರು ಎಳೆಯುವುದು. ಎಳೆದಾಗ ಜೋಲಿ ಕೆಳಗೆ ಇಳಿಯುತ್ತದೆ, ಆಗ ತಡೆಯಬಾರದು. ಮೂರು ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ರಾತ್ರಿ ಇಳಿದದ್ದು ಗೊತ್ತಾಯಿತು. ಗಂಡನಿಗೂ ಹೇಳಿದ್ದೆ, ನೋವು ಅಂದರೆ ಅಲ್ಲಿಗೇ ನಿಲ್ಲಿಸಬೇಕು ಅಂತ. ಹಾಲುಣಿಸುವಾಗ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಯೋನಿ ಒಣಗುವುದೂ ಇದೆ, ಅದನ್ನೂ ಡಾಕ್ಟರ ಹತ್ತಿರ ಕೇಳಿ.

ಕೇಳುವಾಗ "ಸೇರುವಾಗ ನೋವು" ಅಂತಲೇ ಹೇಳಿ. ನಾನು ನಾಚಿಕೆಯಿಂದ "ಸೊಂಟನೋವು" ಅಂದೆ. ಆರು ತಿಂಗಳು ಸೊಂಟನೋವಿನ ಮಾತ್ರೆ ತಿಂದೆ.