ಹಳೆಯ ಡ್ರಾಯರ್ ಬೀರು ಕೊಳ್ಳುವ ಮುನ್ನ ಅದರ ಕೆಳಗಿನ ಡ್ರಾಯರನ್ನು ಮಗುಚಿ ನೋಡಿ

ನೀವು ಕೇಳಿರುವುದು ಇಷ್ಟು: ಬೆಂಗಳೂರಿನ ಅಂಗಡಿಯೊಂದರಲ್ಲಿ ಐದು ಡ್ರಾಯರ್‌ಗಳಿರುವ, ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ ಕಟ್ಟಿರುವ ಬೀಟೆ ಮರದ ಹಳೆಯ ಬೀರುವೊಂದನ್ನು ನೋಡಿದ್ದೀರಿ. ಅದು ದಂಡು ಪ್ರದೇಶದ ಬ್ರಿಟಿಷ್ ಅಧಿಕಾರಿಯೊಬ್ಬರ ಮನೆಯದು, ನೂರೈವತ್ತು ವರ್ಷ ಹಳೆಯದು ಎಂದು ಹೇಳಿ ಅಂಗಡಿಯವರು 85,000 ರೂಪಾಯಿ ಕೇಳುತ್ತಿದ್ದಾರೆ. ಆ ಮಾತನ್ನು ನಂಬಬಹುದೇ, ನಂಬುವ ಮೊದಲು ಏನನ್ನು ನೋಡಬೇಕು, ಬೇರೆಲ್ಲಿ ಹುಡುಕಬಹುದು ಎಂಬುದು ನಿಮ್ಮ ಪ್ರಶ್ನೆ. ನಾನು ಈ ವ್ಯಾಪಾರದವನಲ್ಲ. ಹತ್ತು ಹನ್ನೆರಡು ವರ್ಷಗಳಿಂದ ಹಳೆಯ ಮರದ ಸಾಮಾನುಗಳ ಹಿಂದೆ ಬಿದ್ದು ಇಂತಹ ಮೂರು ಬೀರುಗಳನ್ನು ಕೊಂಡಿದ್ದೇನೆ, ಅವುಗಳಲ್ಲಿ ಒಂದರಲ್ಲಿ ಚೆನ್ನಾಗಿ ಮೋಸಹೋಗಿದ್ದೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಮೊದಲು ಅಂಗಡಿಯವರ ಕಥೆಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಅದು ಅಸಾಧ್ಯವಾದ ಕಥೆಯೇನೂ ಅಲ್ಲ. ನಮ್ಮ ಹಳೆಯ ಮನೆಗಳಲ್ಲಿ ಬಟ್ಟೆಬರೆ ಇಡಲು ಸಂದೂಕ, ಮರದ ಪೆಟ್ಟಿಗೆ, ಗೋಡೆಯ ಗೂಡುಗಳು ಇದ್ದವೇ ಹೊರತು ಒಂದರ ಮೇಲೊಂದು ಡ್ರಾಯರ್ ಜೋಡಿಸಿದ ಬೀರು ಇರಲಿಲ್ಲ. ಅದು ಯುರೋಪಿನವರೊಂದಿಗೆ ಬಂದ ಸಾಮಾನು. ಆದ್ದರಿಂದ ನಮ್ಮ ಕಡೆ ಅದು ಸಿಗುವುದು ಹೆಚ್ಚಾಗಿ 1809ರಲ್ಲಿ ಆರಂಭವಾದ ಬೆಂಗಳೂರು ದಂಡಿನ ಸುತ್ತಮುತ್ತ, ಮೈಸೂರಿನ ದೊಡ್ಡ ಮನೆಗಳಲ್ಲಿ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳಲ್ಲಿ ಹಾಗೂ ಮಂಗಳೂರಿನ ಹಳೆಯ ಕ್ರೈಸ್ತ ಮನೆತನಗಳಲ್ಲಿ. ಸೇನಾಧಿಕಾರಿಗಳಿಗೆ ಊರಿಂದೂರಿಗೆ ವರ್ಗವಾಗುತ್ತಿದ್ದುದರಿಂದ ಅವರ ಬೀರುಗಳನ್ನು ಹೊತ್ತು ಸಾಗಿಸಲು ತಕ್ಕಂತೆ ಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಕ್ಯಾಂಪೇನ್ ಚೆಸ್ಟ್ ಎಂದು ಕರೆಯುವುದು ಇದನ್ನೇ. ಅದು ಮೇಲಿನರ್ಧ, ಕೆಳಗಿನರ್ಧ ಎಂದು ಎರಡಾಗಿ ಬಿಡಿಸಿಕೊಳ್ಳುತ್ತದೆ. ಕಾಲುಗಳನ್ನು ತಿರುಗಿಸಿ ತೆಗೆಯಬಹುದು. ಹಿತ್ತಾಳೆಯ ಪಟ್ಟಿಗಳು ಮರದೊಳಗೆ ಹುದುಗಿ ಮೇಲ್ಮೈಗೆ ಸಮನಾಗಿರುತ್ತವೆ, ಹಿಡಿಗಳೂ ಒಳಗೆ ತಗ್ಗಿನಲ್ಲಿ ಮಲಗಿರುತ್ತವೆ. ಎತ್ತಿನ ಗಾಡಿಯಲ್ಲಿ ಬೇರೆ ಸಾಮಾನಿಗೆ ತಗುಲಿ ಮುರಿಯಬಾರದೆಂಬುದೇ ಇದರ ಉದ್ದೇಶ. ನೀವು ನೋಡಿದ ಬೀರು ಎರಡಾಗಿ ಬಿಡಿಸಿಕೊಳ್ಳುವುದೇ ಎಂದು ಕೇಳಿ. ಒಂದೇ ಡಬ್ಬದಂತಿದ್ದು, ಹಿಡಿಗಳು ಹೊರಗೆ ಚಾಚಿಕೊಂಡು, ಹಿತ್ತಾಳೆಯನ್ನು ಮರದ ಮೇಲೆ ಸುಮ್ಮನೆ ಮೊಳೆ ಹೊಡೆದು ಅಂಟಿಸಿದ್ದರೆ ಅದು ಯಾವ ದಂಡಿನೊಂದಿಗೂ ಪ್ರಯಾಣ ಮಾಡಿದ್ದಲ್ಲ. ಹಳೆಯದಾಗಿರಲೂಬಹುದು, ಆದರೆ ಹಿತ್ತಾಳೆ ನಿನ್ನೆ ಮೊನ್ನೆ ಬಂದದ್ದು.

ಇನ್ನು ಪರೀಕ್ಷೆಯ ವಿಷಯ. ಅಂಗಡಿಗೆ ಹೋದಾಗ ಬೀರುವಿನ ಮುಖವನ್ನು ನೋಡುತ್ತಾ ನಿಲ್ಲಬೇಡಿ. ಮುಖವನ್ನು ಪಾಲಿಶ್ ಮಾಡುವವರು ತಮಗೆ ಬೇಕಾದಂತೆ ತಿದ್ದಿರುತ್ತಾರೆ. ಎಲ್ಲಕ್ಕಿಂತ ಕೆಳಗಿನ ಡ್ರಾಯರನ್ನು ಪೂರ್ತಿಯಾಗಿ ಹೊರಗೆಳೆದು, ನೆಲದ ಮೇಲೆ ಮಗುಚಿ ಹಾಕಿ, ಟಾರ್ಚ್ ಹಿಡಿದು ಅದರ ತಳವನ್ನೂ ಅದು ಕೂರುತ್ತಿದ್ದ ಗೂಡನ್ನೂ ನೋಡಿ. ಕೆಳಗಿನ ಡ್ರಾಯರ್ ಏಕೆಂದರೆ ಮನೆಯವರು ಭಾರವಾದ ಕಂಬಳಿ, ಜಮಖಾನ ತುಂಬುವುದು ಅದರಲ್ಲಿ, ಹಾಗಾಗಿ ಸವೆತ ಹೆಚ್ಚಾಗಿ ಕಾಣುವುದೂ ಅಲ್ಲೇ. ಜೊತೆಗೆ ಮಾರುವವರು ಬಗ್ಗಿ ನೋಡುವ ಗಿರಾಕಿಯನ್ನು ಅಷ್ಟಾಗಿ ನಿರೀಕ್ಷಿಸುವುದಿಲ್ಲ. ಡ್ರಾಯರ್ ಹೊರಗೆ ತೆಗೆಯಲು ಯಾರಾದರೂ ಆಕ್ಷೇಪಿಸಿದರೆ ನಮಸ್ಕಾರ ಹೇಳಿ ಹೊರಟುಬಿಡಿ.

ಅಲ್ಲಿ ಕಾಣಬೇಕಾದದ್ದು ಸವೆತ, ಅದೂ ಇರಬೇಕಾದ ಜಾಗದಲ್ಲಿ. ಡ್ರಾಯರನ್ನು ಅರ್ಧ ಎಳೆದಾಗ ಅದರ ಹಿಂಭಾಗದ ಅಂಚು ಬೀರುವಿನ ಒಳಗಿನ ಆಸರೆ ಪಟ್ಟಿಯ ಮುಂಭಾಗದ ಮೇಲೆ ಉಜ್ಜುತ್ತದೆ. ಆದ್ದರಿಂದ ದಶಕಗಳ ಬಳಕೆಯ ನಂತರ ಡ್ರಾಯರಿನ ಪಕ್ಕದ ಹಲಗೆಗಳು ಹಿಂದಕ್ಕೆ ಹೋದಂತೆ ಹೆಚ್ಚು ಸವೆದಿರುತ್ತವೆ, ಆಸರೆ ಪಟ್ಟಿಗಳಲ್ಲಿ ಮುಂದಿನ ಭಾಗ ಹೆಚ್ಚು ಹಳ್ಳ ಬಿದ್ದಿರುತ್ತದೆ. ಎರಡೂ ಸವೆತಗಳು ಒಂದಕ್ಕೊಂದು ಹೊಂದಬೇಕು. ಡ್ರಾಯರಿನ ಅಂಚು ಸವೆದು ಆಸರೆ ಪಟ್ಟಿ ಹೊಸದರಂತಿದ್ದರೆ ಪಟ್ಟಿಯನ್ನು ಬದಲಿಸಿದ್ದಾರೆ ಎಂದರ್ಥ. ಅದು ತಪ್ಪಲ್ಲ, ನ್ಯಾಯವಾದ ದುರಸ್ತಿ. ಆದರೆ ನೂರೈವತ್ತು ವರ್ಷದ ಬೀರುವಿನ ಐದೂ ಡ್ರಾಯರ್‌ಗಳು ಬೆಣ್ಣೆಯಲ್ಲಿ ಚಾಕು ಆಡಿದಂತೆ ಜಾರಿ, ಎಲ್ಲಿಯೂ ಸವೆತವೇ ಇಲ್ಲದಿದ್ದರೆ ಅದು ಗುಣವಲ್ಲ, ಅನುಮಾನಕ್ಕೆ ಕಾರಣ. ತಳದ ಹಲಗೆಯನ್ನೂ ನೋಡಿ. ಮರವು ಎಳೆಯುದ್ದಕ್ಕೂ ಕುಗ್ಗದಿದ್ದರೂ ಅಡ್ಡಲಾಗಿ ಕುಗ್ಗುತ್ತದೆ, ಹಾಗಾಗಿ ಅಗಲವಾದ ಹಳೆಯ ಹಲಗೆಯಲ್ಲಿ ಒಂದು ಸೀಳೋ, ಚೌಕಟ್ಟಿನ ಬಳಿ ಒಂದು ಬಿರುಕೋ ಇರುವುದು ಸಹಜ. ಮರದ ಗುಂಡು ಹಿಡಿಗಳಿದ್ದರೆ ಅಳತೆ ಪಟ್ಟಿ ಹಿಡಿದು ನೋಡಿ, ಹಳೆಯವು ಪೂರ್ತಿ ದುಂಡಗೆ ಉಳಿದಿರುವುದಿಲ್ಲ.

ಇಂಗ್ಲಿಷ್ ಕೈಪಿಡಿಗಳನ್ನು ಓದಿದರೆ ಡ್ರಾಯರಿನ ಮೂಲೆಯಲ್ಲಿರುವ ಡವ್‌ಟೇಲ್ ಜೋಡಣೆಯನ್ನು, ಅಂದರೆ ಪಾರಿವಾಳದ ಬಾಲದಂತೆ ಬಿಚ್ಚಿಕೊಂಡ ಹಲ್ಲುಗಳನ್ನು, ನೋಡಲು ಹೇಳುತ್ತಾರೆ. ಹಲ್ಲುಗಳು ಒಂದೇ ಸಮನಾಗಿದ್ದರೆ ಯಂತ್ರದ ಕೆಲಸ, ಹೆಚ್ಚುಕಡಿಮೆಯಾಗಿದ್ದರೆ ಕೈಕೆಲಸ, ಕೈಕೆಲಸವಾದರೆ ಹಳೆಯದು ಎಂಬುದು ಅವರ ಲೆಕ್ಕ. ಈ ಲೆಕ್ಕದ ಕೊನೆಯ ಹೆಜ್ಜೆ ನಮ್ಮ ದೇಶದಲ್ಲಿ ನಡೆಯುವುದಿಲ್ಲ. ಇಲ್ಲಿ ಉಳಿ, ಗರಗಸ, ಕೀಸುಳಿ ಹಿಡಿದು ಕೈಯಲ್ಲೇ ಹಲ್ಲು ಕತ್ತರಿಸುವ ಬಡಗಿಗಳು ಈಗಲೂ ಇದ್ದಾರೆ. ಕಳೆದ ವರ್ಷ ಮಾಡಿದ ಬೀರುವಿನಲ್ಲೂ ಉಳಿಯ ಗುರುತು, ಗೆರೆ ಎಳೆದ ಗೀರು ಎಲ್ಲವೂ ಇರಬಹುದು. ಆದ್ದರಿಂದ ಯಂತ್ರದ ಹಲ್ಲು ಕಂಡರೆ ಅದು ಅಷ್ಟೇನೂ ಹಳೆಯದಲ್ಲ ಎಂದು ತಿಳಿಯಿರಿ, ಕೈಯ ಹಲ್ಲು ಕಂಡರೆ ಇನ್ನೂ ಏನನ್ನೂ ತೀರ್ಮಾನಿಸಬೇಡಿ.

ನಾನು ಮೋಸಹೋದದ್ದು ಇದೇ ಜಾಗದಲ್ಲಿ. ಹೆಸರು ಹೇಳಲಿಚ್ಛಿಸದ ಒಂದು ಅಂಗಡಿಯಲ್ಲಿ ನಾಲ್ಕು ಡ್ರಾಯರಿನ ಸಾಗುವಾನಿ ಬೀರುವಿನ ಕೈಕೆಲಸವನ್ನು ಮೆಚ್ಚಿ, ಮರದ ಬಣ್ಣಕ್ಕೆ ಮರುಳಾಗಿ 42,000 ರೂಪಾಯಿ ಕೊಟ್ಟು ತಂದೆ. ಆರು ತಿಂಗಳ ನಂತರ, ಎರಡನೆಯ ಡ್ರಾಯರಿಗೆ ಹೊಸ ಕಾಗದ ಹಾಸಲು ಹೋದಾಗ, ಪಕ್ಕದ ಹಲಗೆಯ ಒಳಮೈಯಲ್ಲಿ ಹೆಬ್ಬೆರಳಿನಷ್ಟು ಅಗಲ, ನಾಲ್ಕು ಬೆರಳು ಉದ್ದದ ಒಂದು ತೇಪೆ ಕಂಡಿತು. ಸುತ್ತಲಿನ ಮರಕ್ಕಿಂತ ಸ್ವಲ್ಪ ತಿಳಿಯಾದ ತುಂಡೊಂದನ್ನು ಬಹಳ ನಾಜೂಕಾಗಿ ಕೂರಿಸಿದ್ದರು, ಅದರ ಪಕ್ಕದಲ್ಲೇ ಮರದ ಹುಡಿಯಿಂದ ಮುಚ್ಚಿದ ಮೂರು ತೂತುಗಳಿದ್ದವು. ಅದು ಬಾಗಿಲಿನ ಕೀಲು ಕೂರುತ್ತಿದ್ದ ಜಾಗ. ಯಾವುದೋ ಊರಿನಲ್ಲಿ ಕೆಡವಿದ ಮನೆಯೊಂದರ ಬಾಗಿಲನ್ನು ಸೀಳಿ ನನ್ನ ಬೀರುವನ್ನು ಮಾಡಿದ್ದರು. ಮರ ನಿಜವಾಗಿಯೂ ಹಳೆಯದು, ಬೀರು ಹೊಸದು. ಅಂಗಡಿಯವರು ಸುಳ್ಳು ಹೇಳಿದರೆಂದು ವಾದಿಸುವುದೂ ಕಷ್ಟವಾಯಿತು, ಏಕೆಂದರೆ ಅವರು ಪ್ರತಿ ಸಲವೂ ಹೇಳಿದ್ದು 'ನೂರು ವರ್ಷದ ಮರ ಸರ್' ಎಂದೇ. ಈ ಪದಪ್ರಯೋಗಕ್ಕೆ ಕಿವಿಗೊಡಿ. ಬೀರುವಿನ ಒಳಗೆ ಕಾರಣವೇ ಇಲ್ಲದ ತೂತು, ತೇಪೆ, ಅರ್ಧಕ್ಕೆ ನಿಂತ ತೋಡು ಕಂಡರೆ ಅದರ ಹಿಂದಿನ ಜನ್ಮದ ಬಗ್ಗೆ ಕೇಳಿ. ಡ್ರಾಯರಿನ ಮುಖದ ಒಳಗಡೆ ಹಿಡಿಯ ಹಳೆಯ ತೂತುಗಳನ್ನು ಮುಚ್ಚಿದ ಗುರುತಿದ್ದರೆ ಮಾತ್ರ ಹೆದರಬೇಕಾಗಿಲ್ಲ. ಕಾಲಕ್ಕೆ ತಕ್ಕಂತೆ ಹಿಡಿ ಬದಲಿಸುವುದು ಎಲ್ಲ ಕಾಲದಲ್ಲೂ ಇತ್ತು. ಆದರೆ ಒಳಗಡೆ ತೂತಿನ ಗುರುತಿದ್ದು ಅದೇ ಜಾಗದಲ್ಲಿ ಹೊರಗಡೆ ಇಲ್ಲದಿದ್ದರೆ ಮುಖಕ್ಕೆ ಹೊಸ ಪದರ ಅಂಟಿಸಿದ್ದಾರೆ.

ಬೀಟೆ ಮರ ಎಂಬ ಮಾತನ್ನೂ ಪರೀಕ್ಷಿಸಬೇಕು. ಬೀಟೆಯು ನೇರಳೆ ಮಿಶ್ರಿತ ಕಂದು ಬಣ್ಣದ್ದು, ಅದರಲ್ಲಿ ಕಪ್ಪು ಗೆರೆಗಳಿರುತ್ತವೆ, ಸಾಗುವಾನಿಗಿಂತ ಸ್ಪಷ್ಟವಾಗಿ ಭಾರ. ಒಂದೇ ಅಳತೆಯ ಎರಡು ಡ್ರಾಯರ್‌ಗಳನ್ನು ಕೈಯಲ್ಲಿ ಹಿಡಿದರೆ ವ್ಯತ್ಯಾಸ ತೋಳಿಗೇ ತಿಳಿಯುತ್ತದೆ. ಬೇರೆ ಮರಕ್ಕೆ ಕಪ್ಪು ಬಣ್ಣ ಕುಡಿಸಿ ಬೀಟೆ ಎಂದು ಮಾರುವುದು ಹಳೆಯ ಚಾಳಿ, ಬಣ್ಣ ತಲುಪದ ಜಾಗವನ್ನು ಹುಡುಕಿದರೆ ಸಾಕು. ಡ್ರಾಯರಿನ ಮುಖದ ಕೆಳ ಅಂಚು, ಬೀಗದ ತೂತಿನ ಒಳಗೋಡೆ, ಕಾಲಿನ ತಳ ಇವು ಒಳ್ಳೆಯ ಸಾಕ್ಷಿಗಳು. ಪಕ್ಕ ಮತ್ತು ತಳದ ಹಲಗೆಗಳು ಸಾಗುವಾನಿಯದ್ದೋ ಬೇರೆ ಮರದ್ದೋ ಆಗಿದ್ದರೆ ಬೇಸರಿಸಬೇಡಿ. ದುಬಾರಿ ಮರವನ್ನು ಮುಖಕ್ಕೆ ಮಾತ್ರ ಬಳಸುವುದು ಹಳೆಯ ಬಡಗಿಗಳ ಲೆಕ್ಕಾಚಾರವೇ ಆಗಿತ್ತು. ಅರಗಿನಿಂದ ಮಾಡಿದ ಹಳೆಯ ಪಾಲಿಶ್ ಸ್ಪಿರಿಟ್ಟಿಗೆ ಕರಗುತ್ತದೆ, ಈಗಿನ ಪಿಯು, ಅಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಬಗೆಯ ಲೇಪ, ಕರಗುವುದಿಲ್ಲ. ಅಂಗಡಿಯವರ ಒಪ್ಪಿಗೆ ಪಡೆದು ಹಿಂಭಾಗದ ಕಾಣದ ಮೂಲೆಯಲ್ಲಿ ಹತ್ತಿಯಿಂದ ಒಂದು ತೊಟ್ಟು ಒರೆಸಿ ನೋಡಿ.

ಸ್ಕ್ರೂಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಪ್ಲಸ್ ಗುರುತಿನ ತಲೆಯ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. 1840ರ ದಶಕಕ್ಕಿಂತ ಮುಂಚಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ ಮೊನಚು ತುದಿ ಇರಲಿಲ್ಲ. ಒಂದೆರಡು ಹೊಸ ಸ್ಕ್ರೂ ಇದ್ದರೆ ದುರಸ್ತಿ, ಎಲ್ಲವೂ ಹೊಸದಾದರೆ ಬೀರುವೇ ಹೊಸದಿರಬಹುದು. ಹಿಂಬದಿಗೆ ಪ್ಲೈವುಡ್ ಇದ್ದರೂ ಇದೇ ತರ್ಕ. ಬೀಗದ ಮೇಲೆ ಇಂಗ್ಲೆಂಡಿನ ಚಬ್ ಕಂಪನಿಯ ಹೆಸರು ಕಂಡಾಕ್ಷಣ ಹಿಗ್ಗಬೇಡಿ. ಬೀಗವನ್ನು ಒಂದು ಬೀರುವಿನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಲು ಅರ್ಧ ಗಂಟೆ ಸಾಕು, ಬೀಗದ ಸುತ್ತ ಕೆತ್ತಿದ ಜಾಗ ಅದಕ್ಕೆ ಸರಿಯಾಗಿ ಹೊಂದಿದೆಯೇ ಎಂಬುದೇ ಮುಖ್ಯ. ಡ್ರಾಯರಿನಲ್ಲಿ ಹಾಸಿದ ಹಳೆಯ ಪತ್ರಿಕೆಯೂ ಹಾಗೆಯೇ. ನನ್ನ ಮೂರನೆಯ ಬೀರುವಿನಲ್ಲಿ ಪ್ರಜಾವಾಣಿಯ ಹಳದಿಗಟ್ಟಿದ ಹಾಳೆಯೊಂದು ಸಿಕ್ಕಿತ್ತು. ಆ ಪತ್ರಿಕೆ ಆರಂಭವಾದದ್ದು 1948ರಲ್ಲಿ. ಅಂದರೆ ಹಾಸಿದ್ದು ಅದಕ್ಕಿಂತ ಈಚೆಗೆ ಎಂದಷ್ಟೇ ತಿಳಿಯುತ್ತದೆ, ಬೀರುವಿನ ವಯಸ್ಸಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದರೂ ಹಾಳೆಯನ್ನು ನಾನು ತೆಗೆದು ಎಸೆದಿಲ್ಲ.

ಕುಟ್ಟೆ ಹಿಡಿದಿದೆಯೇ ಎಂದು ನೋಡುವುದನ್ನು ಮರೆಯಬೇಡಿ. ಸಣ್ಣ ತೂತುಗಳಿದ್ದರೆ ತಕ್ಷಣ ಬಿಡಬೇಕಿಲ್ಲ, ಹಳೆಯ ತೂತುಗಳ ಒಳಗೆ ಕಪ್ಪಾಗಿರುತ್ತದೆ. ತೂತಿನಿಂದ ಹಿಟ್ಟಿನಂತಹ ತಿಳಿ ಬಣ್ಣದ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ. ಸಾಧ್ಯವಾದರೆ ಕೆಳಗೆ ಕಪ್ಪು ಕಾಗದ ಹಾಸಿ ಎರಡು ದಿನ ಬಿಟ್ಟು ಬಂದು ನೋಡಿ. ಸೀಮೆಎಣ್ಣೆ ಬಳಿದರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಿ ಮನೆಗೆ ತಂದರೆ ನಿಮ್ಮ ಉಳಿದ ಸಾಮಾನೂ ಅಪಾಯಕ್ಕೆ ಸಿಲುಕುತ್ತದೆ.

ಎಲ್ಲಿ ಹುಡುಕಬೇಕು ಎಂಬುದಕ್ಕೆ ನನ್ನ ಉತ್ತರ, ಕೊಳ್ಳುವ ಮೊದಲು ಕೊಳ್ಳಲಾಗದ ಜಾಗಗಳಿಗೆ ಹೋಗಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ತಂದು ಮರುಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್, ಮೈಸೂರಿನ ಜಗನ್ಮೋಹನ ಅರಮನೆ, ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಇಂತಹ ಕಡೆ ನಿಜವಾದ ಹಳೆಯ ಕೆಲಸಕ್ಕೆ ಕಣ್ಣು ಪಳಗುತ್ತದೆ. ನಂತರ ಅಂಗಡಿಗಳು: ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿ, ಕೊಚ್ಚಿಯ ಮಟ್ಟಾಂಚೇರಿ, ಮುಂಬೈನ ಚೋರ್ ಬಜಾರಿನ ಮಟನ್ ಸ್ಟ್ರೀಟ್. ನಮ್ಮ ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ಹಿಡಿ, ಬೀಗ, ಕೀಲು ಸಿಗಬಹುದು, ಒಳ್ಳೆಯ ಬೀರು ಸಿಕ್ಕೀತೆಂದು ಬೆಳಿಗ್ಗೆ ಐದಕ್ಕೆ ಏಳಬೇಕಾಗಿಲ್ಲ. ನನ್ನ ಅತ್ಯುತ್ತಮ ಬೀರು ಸಿಕ್ಕಿದ್ದು ಅಂಗಡಿಯಲ್ಲಿ ಅಲ್ಲ, ಚಿಕ್ಕಮಗಳೂರಿನ ಕಡೆಯ ತೋಟದ ಮನೆಯೊಂದನ್ನು ಪಾಲು ಮಾಡಿಕೊಂಡಾಗ ಯಾರಿಗೂ ಬೇಡವಾಗಿ ಉಗ್ರಾಣದಲ್ಲಿ ಉಳಿದಿದ್ದದ್ದು. ಡ್ರಾಯರ್‌ಗಳ ಹಿಂಬದಿಯಲ್ಲಿ ಬಡಗಿಯು ಸೀಸದ ಕಡ್ಡಿಯಿಂದ ಬರೆದ 1, 2, 3, 4 ಎಂಬ ಅಂಕಿಗಳು ಹಾಗೆಯೇ ಇದ್ದವು. ಎರಡನೆಯದನ್ನು ಮೂರನೆಯ ಗೂಡಿಗೆ ಹಾಕಿದರೆ ಅದು ಇಂದಿಗೂ ಒಳಗೆ ಹೋಗುವುದಿಲ್ಲ.

ಕಾನೂನಿನ ಎರಡು ಮಾತು. ದಂತದ ಕುಸುರಿಯಿರುವ ಬೀರುವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಭಾರತದ ಆನೆಯ ದಂತದ ವ್ಯಾಪಾರವನ್ನು 1986ರಲ್ಲೂ ಆಫ್ರಿಕಾದ ದಂತದ ವ್ಯಾಪಾರವನ್ನು 1991ರಲ್ಲೂ ನಿಷೇಧಿಸಲಾಗಿದೆ. ವಿದೇಶದಲ್ಲಿರುವ ಮಗಳಿಗೋ ತಮ್ಮನಿಗೋ ಕಳುಹಿಸುವ ಯೋಚನೆಯಿದ್ದರೆ, ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವುದನ್ನು 1972ರ ಪುರಾತನ ವಸ್ತುಗಳ ಕಾಯಿದೆ ತಡೆಯುತ್ತದೆ. ನೂರೈವತ್ತು ವರ್ಷ ಹಳೆಯದು ಎನ್ನುತ್ತಲೇ ಅಮೆರಿಕಕ್ಕೂ ಕಳುಹಿಸಿಕೊಡುತ್ತೇವೆ ಎನ್ನುವ ಅಂಗಡಿಯವರ ಎರಡು ಮಾತುಗಳಲ್ಲಿ ಒಂದಂತೂ ಸರಿಯಿಲ್ಲ.

ಬೆಲೆಯ ಬಗ್ಗೆ: ನಿಮ್ಮ ಬೀರು ಎರಡಾಗಿ ಬಿಡಿಸಿಕೊಂಡು, ಬೀಟೆಯೆಂದು ಖಚಿತವಾಗಿ, ಸವೆತ ಹೊಂದಿಕೊಂಡರೆ 85,000 ಅನ್ಯಾಯವೆಂದು ನಾನು ಹೇಳುವುದಿಲ್ಲ, ಚೌಕಾಸಿ ಮಾತ್ರ ಮಾಡಿ. ಹಾಗಿಲ್ಲದಿದ್ದರೆ ಅದನ್ನು ಹಳೆಯ ಮರದ ಹೊಸ ಬೀರು ಎಂದೇ ಎಣಿಸಿ, ಒಳ್ಳೆಯ ಬಡಗಿಯೊಬ್ಬರು ಅಂತಹದನ್ನು ಮಾಡಿಕೊಡಲು ಎಷ್ಟು ಕೇಳುತ್ತಾರೋ ಅದಕ್ಕಿಂತ ಹೆಚ್ಚು ಕೊಡಬೇಡಿ. ಬಿಲ್ಲಿನಲ್ಲಿ ಮರದ ಹೆಸರು, ಅಂದಾಜು ಕಾಲ, ಮಾಡಿದ ದುರಸ್ತಿ ಮೂರನ್ನೂ ಬರೆಸಿಕೊಳ್ಳಿ. ಬಾಯಲ್ಲಿ ನೂರೈವತ್ತು ಎಂದವರು ಬರೆಯುವಾಗ 'ಹಳೆಯ ಮಾದರಿ' ಎಂದು ಬರೆಯಹೊರಟರೆ ನಿಮಗೆ ಬೇಕಾದ ಉತ್ತರ ಅಲ್ಲೇ ಸಿಗುತ್ತದೆ. ಮುಂಗಡ ಕೊಡುವ ಮೊದಲು ನಿಮ್ಮ ಮನೆಯ ಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟು ಎಲ್ಲವನ್ನೂ ಅಳೆದಿಟ್ಟುಕೊಳ್ಳಿ. ಚಿಕ್ಕಮಗಳೂರಿನ ನನ್ನ ಬೀರು ದಂಡಿನದ್ದಲ್ಲ, ಎರಡಾಗುವುದಿಲ್ಲ. ಲಿಫ್ಟಿಗಿಂತ ಅದು ಮೂರು ಅಂಗುಲ ಹೆಚ್ಚಿದ್ದುದರಿಂದ ಮೂರನೆಯ ಮಹಡಿಗೆ ನಾಲ್ವರು ಹೊತ್ತು ತರಬೇಕಾಯಿತು, ಎರಡನೆಯ ತಿರುವಿನಲ್ಲಿ ಗೋಡೆಗೆ ಬಿದ್ದ ಗೀರಿಗೆ ಅಪಾರ್ಟ್‌ಮೆಂಟಿನ ಸಂಘದವರು ಬಣ್ಣದ ಖರ್ಚನ್ನು ನನ್ನಿಂದಲೇ ವಸೂಲು ಮಾಡಿದರು.