ನಾತ್ಸುಮೆಯ ಊರು ನಿಜವಾಗಿ ಇದೆಯಾ?

‘ನಾತ್ಸುಮೆ ಯೂಜಿನ್‌ಚೋ’ ಅನ್ನೋ ಜಪಾನಿ ಅನಿಮೆಯ (ಆನಿಮೇಷನ್ ಸರಣಿಯ) ಊರನ್ನು ಹೋಗಿ ನೋಡಬಹುದಾ ಅಂತ ಕೇಳಿದ್ದೀರಿ. ನೋಡಬಹುದು. ಹಿನ್ನೆಲೆ ಚಿತ್ರಗಳಿಗೆ ಮಾದರಿ ಜಪಾನಿನ ಕುಮಾಮೊತೊ ಪ್ರಾಂತ್ಯದ ಹಿತೊಯೊಶಿ ಮತ್ತು ಸುತ್ತಲಿನ ಕುಮಾ ನದಿಯ ಕಣಿವೆ. ಅದರ ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಬರೆದ ಯೂಕಿ ಮಿದೊರಿಕಾವಾ ಕೂಡ ಕುಮಾಮೊತೊದವರೇ.

ಹಳೇ ಬ್ಲಾಗ್ ನಂಬಿ ಯಾತ್ಸುಶಿರೊ ಊರಿಂದ ಹಿತೊಯೊಶಿಗೆ ರೈಲು ಅಂತ ಪ್ಲಾನ್ ಮಾಡಬೇಡಿ. 2020ರ ಜುಲೈ ನೆರೆಗೆ ಆ ಮಾರ್ಗದ ಸೇತುವೆಗಳೇ ಕೊಚ್ಚಿಹೋದವು. ಕುಮಾಮೊತೊದಿಂದ ಹೈವೇ ಬಸ್ ಹಿಡಿಯಿರಿ.

ಜೂನ್‌ನಿಂದ ಜುಲೈ ಮಧ್ಯದವರೆಗೆ ಮಳೆಗಾಲ, ಬೇಡ. ಆಗಸ್ಟ್‌ನಲ್ಲಿ ಹೋಗಿ. ಮಧ್ಯಾಹ್ನ ಬಿಸಿಲು ಮುಖಕ್ಕೆ ಹೊಡೆಯುತ್ತೆ, ಫೋಟೋದಲ್ಲಿ ಗದ್ದೆ ಬರೀ ಬಿಳಿಚಿಕೊಳ್ಳುತ್ತೆ. ಸಂಜೆ ಆರರ ನಂತರ ಕಾಡಂಚಿನ ಗುಡಿ ಹತ್ತಿರ ನಿಲ್ಲಿ: ಹಿಗುರಾಶಿ ಅನ್ನೋ ಜೀರುಂಡೆ ‘ಕನ ಕನ ಕನ’ ಅಂತ ಶುರು ಮಾಡಿ, ಸಣ್ಣಗಾಗಿ ನಿಲ್ಲುತ್ತೆ. ಜಪಾನಿ ಅನಿಮೆಗಳಲ್ಲಿ ಮುಸ್ಸಂಜೆಗೆ ಕೇಳಿಸೋ ದನಿ ಅದೇ.