ಧೂಳಿನ ದಾರಿಯಲ್ಲಿ ಓಡುವ ಡೀಸೆಲ್ ಪಿಕಪ್‌ಗೆ ಹೊರಗಿನ ಕಂಪನಿಯ ಏರ್ ಫಿಲ್ಟರ್: ಯಾವುದನ್ನು ಆರಿಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ನಿಮ್ಮದು ಬಿಎಸ್-4 ಎಂಬ ಹೊಗೆ ನಿಯಮದ ಕಾಲದ 2.5 ಲೀಟರ್ ಟರ್ಬೊ ಡೀಸೆಲ್ ಬೊಲೆರೊ ಪಿಕಪ್. ಇಂಡಿ ಸುತ್ತಲಿನ ತೋಟಗಳಿಂದ ಲಿಂಬೆ ಹೇರಿಕೊಂಡು ಸೊಲ್ಲಾಪುರಕ್ಕೆ ಹೋಗಿಬರುತ್ತದೆ. ಬೇಸಿಗೆಯಲ್ಲಿ ಹೊಲದ ದಾರಿಯ ಧೂಳಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ತೊಳೆದು ಮತ್ತೆ ಮತ್ತೆ ಬಳಸಬಹುದಾದ, ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್ ಹಾಕಿಸಿದರೆ ಎಳೆತವೂ ಹೆಚ್ಚುತ್ತದೆ, ಎವರೇಜೂ ಹೆಚ್ಚುತ್ತದೆ ಎಂದು ಗೆಳೆಯರೊಬ್ಬರು ಹೇಳಿದ್ದಾರೆ; ಅದು ನಿಜವೇ, ಅಲ್ಲವಾದರೆ ಪೇಟೆಯಲ್ಲಿ ಸಿಗುವ ಯಾವುದನ್ನು ಕೊಳ್ಳಬೇಕು ಎಂದು ಕೇಳಿದ್ದೀರಿ. ನಾನು ವಿಜಯಪುರದಲ್ಲಿ ಡೀಸೆಲ್ ಎಂಜಿನ್‌ಗಳ ಕೆಲಸ ಮಾಡುವವನು. ಬಿಡಿಭಾಗಗಳ ಅಂಗಡಿ ನನಗಿಲ್ಲವಾದ್ದರಿಂದ ಯಾವ ಡಬ್ಬಿ ಮಾರಾಟವಾದರೂ ನನಗೆ ಲಾಭನಷ್ಟವಿಲ್ಲ. ನಿಮ್ಮ ಗಾಡಿಗೆ ಹತ್ತಿಯ ಫಿಲ್ಟರ್ ಬೇಡ. ಒಳ್ಳೆಯ ತಯಾರಕರ ಕಾಗದದ ಫಿಲ್ಟರನ್ನೇ ಹಾಕಿಸಿ. ಅದು ಗಾಡಿ ಕಂಪನಿಯ ಹೆಸರಿನ ಡಬ್ಬಿಯಲ್ಲೇ ಬರಬೇಕೆಂಬ ಕಡ್ಡಾಯವೇನೂ ಇಲ್ಲ.

ಎಳೆತದ ಮಾತನ್ನು ಮೊದಲು ಮುಗಿಸೋಣ. ಪೆಟ್ರೋಲ್ ಎಂಜಿನ್‌ನಲ್ಲಿ ಚಾಲಕನ ಕಾಲು ಗಾಳಿಯ ಬಾಗಿಲನ್ನು ತೆರೆದು ಮುಚ್ಚುತ್ತದೆ, ಒಳಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೀಳುತ್ತದೆ. ಡೀಸೆಲ್‌ನಲ್ಲಿ ಹಾಗಲ್ಲ, ಎಂಜಿನ್ ತನಗೆ ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಶಕ್ತಿ ಎಷ್ಟು ಬರಬೇಕು ಎಂಬುದನ್ನು ಇಂಜೆಕ್ಟರ್ ಸಿಂಪಡಿಸುವ ಡೀಸೆಲ್ ತೀರ್ಮಾನಿಸುತ್ತದೆ, ಆ ಅಳತೆಯನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಮೊದಲೇ ಬರೆದಿಟ್ಟ ಲೆಕ್ಕದಿಂದ ಕೊಡುತ್ತದೆ. ಸುಸ್ಥಿತಿಯ ಕಾಗದದ ಫಿಲ್ಟರ್ ಇರುವಾಗಲೇ ಗಾಳಿ ಸಾಕಷ್ಟಿರುತ್ತದೆಯಾದ್ದರಿಂದ, ಅದಕ್ಕಿಂತ ಸಡಿಲವಾದ ಫಿಲ್ಟರ್ ಹಾಕಿದ ಮಾತ್ರಕ್ಕೆ ಒಂದು ತೊಟ್ಟು ಡೀಸೆಲ್ಲೂ ಹೆಚ್ಚು ಬೀಳುವುದಿಲ್ಲ, ಎಳೆತವೂ ಹುಟ್ಟುವುದಿಲ್ಲ. ಹತ್ತಿಯ ಫಿಲ್ಟರ್ ಹಾಕಿಸಿದ ಮೇಲೆ ಗಾಡಿ ಹಗುರಾಯಿತು ಎನ್ನುವವರು ಬಹುಮಟ್ಟಿಗೆ ಪೂರ್ತಿ ಕಟ್ಟಿಕೊಂಡಿದ್ದ ಹಳೆಯ ಫಿಲ್ಟರನ್ನು ತೆಗೆದು ಹೊಸದನ್ನು ಹಾಕಿಸಿದವರು. ಆ ವ್ಯತ್ಯಾಸ ಹೊಸ ಕಾಗದದ ಫಿಲ್ಟರಿನಿಂದಲೂ ಬರುತ್ತಿತ್ತು. ಗಾಳಿ ಒಳಬರುವಾಗ ಉಂಟಾಗುವ ಗುರುಗುರು ಸದ್ದು ಹೆಚ್ಚುವುದು ಮಾತ್ರ ನಿಜ, ಅದನ್ನೇ ಶಕ್ತಿ ಎಂದು ತಿಳಿಯುವವರೂ ಇದ್ದಾರೆ.

ಇನ್ನು ಧೂಳು. ನಿಮ್ಮ 2523 ಸಿಸಿ ಎಂಜಿನ್ 2000 ಆರ್‌ಪಿಎಂನಲ್ಲಿ ಓಡುವಾಗ, ಟರ್ಬೊ ತುಂಬುವ ಹೆಚ್ಚುವರಿ ಗಾಳಿಯನ್ನು ಬಿಟ್ಟೇ ಲೆಕ್ಕ ಹಾಕಿದರೂ, ನಿಮಿಷಕ್ಕೆ ಸುಮಾರು 2500 ಲೀಟರ್, ಅಂದರೆ ಗಂಟೆಗೆ ಸುಮಾರು 150 ಘನ ಮೀಟರ್ ಗಾಳಿಯನ್ನು ಎಳೆಯುತ್ತದೆ. ಆ ಗಾಳಿಯಲ್ಲಿರುವ ಧೂಳು ಎಲ್ಲ ಊರುಗಳಲ್ಲೂ ಒಂದೇ ತೆರನಾಗಿರುವುದಿಲ್ಲ. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳ ಕಡೆಗೂ ಬಾದಾಮಿಯ ಮರಳುಗಲ್ಲಿನ ಸೀಮೆಯಲ್ಲೂ ಏಳುವ ಧೂಳಿನಲ್ಲಿ ಕ್ವಾರ್ಟ್ಜ್ ಎಂಬ ಗಡಸು ಖನಿಜ ಹೇರಳವಾಗಿರುತ್ತದೆ. ಗಡಸುತನದ ಮೋಸ್ ಮಾಪಕದಲ್ಲಿ ಅದರ ಸ್ಥಾನ 7, ಸಾಮಾನ್ಯ ಉಕ್ಕನ್ನು ಗೀರಬಲ್ಲದು. ಲೋಕಾಪುರದ ಕಡೆಯ ಸುಣ್ಣಕಲ್ಲಿನ ಪುಡಿ ಅದೇ ಮಾಪಕದಲ್ಲಿ 3. ಫಿಲ್ಟರನ್ನು ಬೇಗ ಕಟ್ಟುತ್ತದೆಯೇ ಹೊರತು ಲೋಹವನ್ನು ಅಷ್ಟಾಗಿ ತಿನ್ನುವುದಿಲ್ಲ. ನಮ್ಮ ಎರೆಮಣ್ಣು ಬಸಾಲ್ಟ್ ಎಂಬ ಕರಿಕಲ್ಲಿನಿಂದ ಹುಟ್ಟಿದ್ದು, ಹೆಚ್ಚಿನ ಪಾಲು ಜೇಡಿ. ಜೇಡಿ ಮೆದು, ಆದರೆ ಕಣ ಬಹಳ ಸಣ್ಣದು, ಅದರೊಂದಿಗೆ ದಾರಿಗೆ ಹಾಕಿದ ಗರಸು ಮತ್ತು ಕ್ರಷರ್ ಜಲ್ಲಿಯ ಪುಡಿಯೂ ಬೆರೆತಿರುತ್ತದೆ. ಕಬ್ಬಿನ ಹಂಗಾಮಿನ ಬಗಾಸಿನ ನಾರು, ಹಿಂಗಾರಿ ಜೋಳದ ರಾಶಿಯ ಹೊಟ್ಟು ಕಣ್ಣಿಗೆ ದೊಡ್ಡದಾಗಿ ಕಂಡು ಚಾಲಕರನ್ನು ಹೆದರಿಸುತ್ತವೆ, ಆದರೆ ಅವು ಫಿಲ್ಟರಿನ ಮೇಲ್ಮೈಯಲ್ಲೇ ನಿಂತುಬಿಡುವ ಕಸ. ಎಂಜಿನ್‌ಗೆ ನಿಜವಾದ ವೈರಿ 5ರಿಂದ 20 ಮೈಕ್ರಾನ್‌ನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಕಣ್ಣಿಗೆ ಬಿಡಿಬಿಡಿಯಾಗಿ ಕಾಣದ ಗಡಸು ಕಣ. ಅದು ಪಿಸ್ಟನ್ ರಿಂಗ್ ಮತ್ತು ಸಿಲಿಂಡರಿನ ಒಳಗೋಡೆಯಾದ ಲೈನರ್ ನಡುವಿನ ಆಯಿಲ್ ಪದರಕ್ಕೆ ಸೇರಿಕೊಂಡಿತೆಂದರೆ, ವಾಲ್ವ್ ಕೂರಿಸಲು ನಾವು ಹಚ್ಚುವ, ಲೋಹವನ್ನು ಉಜ್ಜಿ ಸವೆಸುವ ಲ್ಯಾಪಿಂಗ್ ಪೇಸ್ಟ್‌ನ ಕೆಲಸವನ್ನೇ ಮಾಡುತ್ತದೆ.

ಈಗ ಹತ್ತಿಯ ಫಿಲ್ಟರಿನ ಲೆಕ್ಕ ನೋಡಿ. ಏರ್ ಫಿಲ್ಟರ್‌ಗಳನ್ನು ಪರೀಕ್ಷಿಸಲು ಐಎಸ್ಒ 5011 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ತೂಕ ಮಾಡಿದ ಧೂಳನ್ನು ಊದಿ, ಎಷ್ಟು ನಿಂತಿತು, ಎಷ್ಟು ಒಳಗೆ ಹೋಯಿತು ಎಂದು ಅಳೆಯುತ್ತಾರೆ. ಒಂದು ಫಿಲ್ಟರ್ ಶೇಕಡಾ 99.5ರಷ್ಟು, ಇನ್ನೊಂದು ಶೇಕಡಾ 97ರಷ್ಟು ಧೂಳು ತಡೆಯುತ್ತದೆ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಎರಡೂವರೆ ಅಂಕಿಯ ಅಂತರ ಏನೂ ಅಲ್ಲ ಎನಿಸುತ್ತದೆ, ಆದರೆ ಎಂಜಿನ್‌ಗೆ ಲೆಕ್ಕ ತಡೆದ ಧೂಳಿನದಲ್ಲ, ಒಳಹೊಕ್ಕ ಧೂಳಿನದು: ನೂರು ಗ್ರಾಂನಲ್ಲಿ ಮೊದಲನೆಯದು ಅರ್ಧ ಗ್ರಾಂ ಬಿಟ್ಟರೆ ಎರಡನೆಯದು ಮೂರು ಗ್ರಾಂ ಬಿಡುತ್ತದೆ, ಅಂದರೆ ಆರು ಪಟ್ಟು. ಎಣ್ಣೆ ಹಚ್ಚಿದ ಹತ್ತಿಯಲ್ಲಿ ಗಾಳಿ ಸಲೀಸಾಗಿ ನುಗ್ಗುವುದೇ ಅದರ ರಂಧ್ರ ದೊಡ್ಡದಿರುವುದರಿಂದ. ಸಣ್ಣ ಕಣದ ವಿಷಯದಲ್ಲಿ ಅದು ಒಳ್ಳೆಯ ಕಾಗದಕ್ಕಿಂತ ಸಾಮಾನ್ಯವಾಗಿ ಹಿಂದೆ ಬೀಳುತ್ತದೆ. ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಹದವರಿತು ಎಣ್ಣೆ ಹಚ್ಚುವ ತಾಳ್ಮೆ ಬಾಡಿಗೆ ಗಾಡಿಯ ಬದುಕಿನಲ್ಲಿ ಎಲ್ಲಿಂದ ಬರಬೇಕು? ಎಣ್ಣೆ ಕಡಿಮೆಯಾದರೆ ಧೂಳು ದಾಟುತ್ತದೆ. ಹೆಚ್ಚಾದರೆ ಆ ತುಂತುರು ಗಾಳಿಯ ಜೊತೆ ಹೋಗಿ, ಬಿಎಸ್-4ರ ಹಲವು ಗಾಡಿಗಳಲ್ಲೂ ಬಿಎಸ್-6 ಗಾಡಿಗಳಲ್ಲೂ ಇರುವ ಗಾಳಿ ಅಳೆಯುವ ಸೆನ್ಸರಿನ ಮೇಲೆ ಕೂರುತ್ತದೆ. ಸೆನ್ಸರ್ ತಪ್ಪು ಅಳತೆ ಕೊಟ್ಟರೆ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ತಪ್ಪಾಗಿ ತೆರೆಯುತ್ತದೆ, ಹೊಗೆ ಬರುತ್ತದೆ, ಎವರೇಜ್ ಬೀಳುತ್ತದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುವ ಗಾಡಿಯಲ್ಲಿ ಆ ಮಸಿ ಅಲ್ಲಿಗೆ ಹೋಗಿ ಕೂಡುತ್ತದೆ. ಡಾಂಬರು ರಸ್ತೆಯ ಮೇಲೆ ಹವ್ಯಾಸಕ್ಕೆ ಓಡಿಸುವವರಿಗೆ ಆ ಫಿಲ್ಟರ್ ಇರಲಿ.

ಹಾಗಾದರೆ ಕಾಗದದ್ದನ್ನು ಆರಿಸುವುದು ಹೇಗೆ? ಮಾಹ್ಲೆ, ಬಾಷ್, ಮಾನ್ ಹುಮ್ಮೆಲ್, ಡೊನಾಲ್ಡ್‌ಸನ್, ಫ್ಲೀಟ್‌ಗಾರ್ಡ್, ಎಲೋಫಿಕ್ ಮುಂತಾದ ಹೆಸರುಗಳು ಫಿಲ್ಟರ್ ತಯಾರಿಕೆಯನ್ನೇ ಕಸುಬಾಗಿ ಮಾಡಿಕೊಂಡವು ಅಥವಾ ಅದರಲ್ಲಿ ನುರಿತವು. ಇವುಗಳಲ್ಲಿ ನಿಮ್ಮ ಎಂಜಿನ್‌ಗೆ ಸರಿಹೊಂದುವ ಭಾಗಸಂಖ್ಯೆ ಯಾವುದರಲ್ಲಿ ಸಿಗುತ್ತದೋ ಅದನ್ನು ಕೊಳ್ಳಬಹುದು. ತೊಡಕಿರುವುದು ಹೆಸರಿನಲ್ಲಿ ಅಲ್ಲ, ಅದೇ ಹೆಸರಿನ ನಕಲಿ ಡಬ್ಬಿಯಲ್ಲಿ. ಅಂಗಡಿಗೆ ಹೋಗುವಾಗ ನಿಮ್ಮ ಹಳೆಯ ಫಿಲ್ಟರನ್ನು ಜೊತೆಗೆ ಒಯ್ಯಿರಿ, ಎರಡನ್ನೂ ಕೌಂಟರ್ ಮೇಲೆ ಅಕ್ಕಪಕ್ಕ ಇಡಿ. ಮೊದಲು ಮಡಿಕೆಗಳನ್ನು ಉಗುರಿನಿಂದ ಎಣಿಸಿ, ಬಳಿಕ ಮಡಿಕೆಯ ಆಳ ನೋಡಿ. ಹೊರಗಿನ ಅಳತೆ ಒಂದೇ ಇದ್ದರೂ ಮಡಿಕೆ ಕಡಿಮೆಯಿದ್ದರೆ ಅಷ್ಟು ಕಾಗದವನ್ನು ಉಳಿಸಿದ್ದಾರೆ ಎಂದರ್ಥ, ಕಾಗದ ಕಡಿಮೆಯಾದಷ್ಟೂ ಧೂಳು ಹಿಡಿಯುವ ಶಕ್ತಿ ಕಡಿಮೆ, ಬೇಗ ಕಟ್ಟುತ್ತದೆ. ನಿಮ್ಮ ಮೂಲ ತಕರಾರು ಬೇಗ ಕಟ್ಟುವುದೇ ಆಗಿರುವುದರಿಂದ ಬೆಲೆಗಿಂತ ಮೊದಲು ಇದನ್ನು ನೋಡಬೇಕು. ಮಡಿಕೆಗಳ ನಡುವೆ ಸಮಾನ ಅಂತರವಿರಬೇಕು, ಬೆರಳಿನಿಂದ ಒತ್ತಿದರೆ ಒಂದರ ಮೇಲೊಂದು ಬೀಳಬಾರದು.

ಆಮೇಲೆ ಸೀಲ್. ಅಂಚಿನ ಪಾಲಿಯುರಿಥೇನ್ ಪಟ್ಟಿಯನ್ನು ಉಗುರಿನಿಂದ ಒತ್ತಿ ಬಿಟ್ಟರೆ ಅದು ಮೆಲ್ಲಗೆ ಮೊದಲಿನ ರೂಪಕ್ಕೆ ಬರಬೇಕು. ಪ್ಲಾಸ್ಟಿಕ್ಕಿನಂತೆ ಗಡಸಾಗಿದ್ದರೆ ಗಾಡಿಯಲ್ಲಿ ಫಿಲ್ಟರ್ ಕೂರುವ ಡಬ್ಬದ ಅಂಚಿಗೆ ಕೂರುವುದಿಲ್ಲ, ಒತ್ತಿದ ಗುರುತು ಹಾಗೆಯೇ ಉಳಿದರೆ ಕೆಲವೇ ದಿನಗಳಲ್ಲಿ ಚಪ್ಪಟೆಯಾಗುತ್ತದೆ. ಕಾಗದ ಆ ಪಟ್ಟಿಯೊಳಗೆ ಸುತ್ತಲೂ ಪೂರ್ತಿ ಮುಳುಗಿರಬೇಕು. ಕೊನೆಗೆ ಮೊಬೈಲಿನ ಟಾರ್ಚನ್ನು ಒಂದು ಬದಿಯಿಂದ ಹಿಡಿದು ಇನ್ನೊಂದು ಬದಿಯಿಂದ ನೋಡಿ: ಕಾಗದದ ಮೂಲಕ ಮಂದ ಬೆಳಕು ಸಮನಾಗಿ ಹಾಯುವುದು ಸಹಜ, ಎಲ್ಲಿಯಾದರೂ ಸೂಜಿಮೊನೆಯಷ್ಟು ಪ್ರಖರವಾದ ಚುಕ್ಕೆ ಹೊಳೆದರೆ ಅಲ್ಲಿ ತೂತಿದೆ. ಅಂಗಡಿಯವರು ಬೇಸರಿಸಿಕೊಂಡಾರು, ಬೇಸರಿಸಿಕೊಳ್ಳಲಿ, ಟರ್ಬೊ ಹೋದರೆ ಹಣ ಕೊಡುವವರು ನೀವು.

ಕೊಂಡ ಮೇಲೆ ಅದನ್ನು ಹಾಳುಮಾಡುವುದು ನಮ್ಮ ಕಡೆಯ ಹವೆ ಹೊಡೆಸುವ ಚಟ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ 100 ಪಿಎಸ್‌ಐಗೂ ಹೆಚ್ಚಿನ ಒತ್ತಡವಿರುತ್ತದೆ, ಅದರ ನಳಿಗೆಯನ್ನು ಮಡಿಕೆಗೆ ತಾಗಿಸಿ ಹೊಡೆದರೆ ನಾರು ಹರಿಯುತ್ತದೆ, ಆ ಹರಿದ ಜಾಗ ಕಣ್ಣಿಗೆ ಕಾಣುವುದಿಲ್ಲ. ಟೈರಿಗೆ ಬಡಿದು ಧೂಳು ಕೊಡವುವುದು ಇನ್ನೂ ಕೆಟ್ಟದ್ದು. ಅಂಚು ಸೊಟ್ಟಗಾಗಿ ಸೀಲ್ ಕೂರದಂತಾಗುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ: ಕಾಗದದ ಫಿಲ್ಟರ್ ಅತಿ ಕಡಿಮೆ ದಕ್ಷತೆಯಿಂದ ಕೆಲಸ ಮಾಡುವುದು ಹೊಸದಾಗಿರುವಾಗ. ಮೇಲೆ ಧೂಳಿನ ತೆಳುಪದರ ಕೂತ ಮೇಲೆ ಆ ಪದರವೇ ಇನ್ನೂ ಸಣ್ಣ ಕಣಗಳನ್ನು ತಡೆಯುತ್ತದೆ. ವಾರವಾರವೂ ಅದನ್ನು ಊದಿ ತೆಗೆಯುವವರು ಒಳ್ಳೆಯ ಕಾವಲನ್ನು ತಾವೇ ಕಿತ್ತುಹಾಕುತ್ತಾರೆ, ಜೊತೆಗೆ ಡಬ್ಬ ತೆರೆದಾಗಲೆಲ್ಲ ಒಂದಿಷ್ಟು ಧೂಳನ್ನು ಶುದ್ಧ ಬದಿಗೆ ಬೀಳಿಸುತ್ತಾರೆ. ನಿಮ್ಮ ಗಾಡಿಯ ಕೈಪಿಡಿ ಊದಲು ಅನುಮತಿಸಿದ್ದರೆ ಒಳಗಿನಿಂದ ಹೊರಕ್ಕೆ, ನಳಿಗೆಯನ್ನು ದೂರ ಹಿಡಿದು, 30 ಪಿಎಸ್‌ಐ ಮೀರದಂತೆ ಊದಿಸಿ. ಕಾಗದವನ್ನು ಸೋಪುನೀರಿನಲ್ಲಾಗಲಿ ಡೀಸೆಲ್‌ನಲ್ಲಾಗಲಿ ಅದ್ದಬೇಡಿ. ದುಂಡು ಫಿಲ್ಟರಿನ ಒಳಗೆ ಇನ್ನೊಂದು ಸಣ್ಣ ಸುರಕ್ಷಾ ಫಿಲ್ಟರ್ ಇದ್ದರೆ ಅದನ್ನು ಊದುವುದೇ ಬೇಡ, ಬದಲಿಸುವುದಷ್ಟೇ.

ಯಾವಾಗ ಬದಲಿಸಬೇಕು ಎಂಬುದಕ್ಕೆ ಕೈಪಿಡಿ ಧೂಳಿನ ಬಳಕೆಗೆಂದು ಬೇರೆಯಾಗಿ ಕೊಟ್ಟಿರುವ ಕಡಿಮೆ ಅವಧಿಯನ್ನು ಅನುಸರಿಸಿ. ಇನ್ನೂ ನಿಖರತೆ ಬೇಕೆಂದರೆ ಟ್ರ್ಯಾಕ್ಟರ್, ಲಾರಿಗಳಲ್ಲಿ ಇರುವಂತಹ, ಫಿಲ್ಟರ್ ಎಷ್ಟು ಕಟ್ಟಿದೆ ಎಂದು ತೋರಿಸುವ ನಿರ್ವಾತ ಸೂಚಕವೊಂದನ್ನು ಫಿಲ್ಟರ್ ಮತ್ತು ಟರ್ಬೊ ನಡುವೆ ಕೂರಿಸಬಹುದು. ಭಾರಿ ಡೀಸೆಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 20ರಿಂದ 25 ಇಂಚು ಎತ್ತರದ ನೀರಿನ ಒತ್ತಡದಷ್ಟು ತಡೆ ಉಂಟಾದಾಗ ಅದರಲ್ಲಿ ಕೆಂಪು ಗುರುತು ಮೇಲೆ ಬರುತ್ತದೆ. ನಿಮ್ಮ ಎಂಜಿನ್ನಿನ ಮಿತಿಯನ್ನು ತಯಾರಕರ ಪುಸ್ತಕದಲ್ಲಿ ನೋಡಿ ಅದಕ್ಕೆ ಹೊಂದುವ ಸೂಚಕವನ್ನೇ ಕೊಳ್ಳಿರಿ.

ಹೊಸ ಫಿಲ್ಟರಿಗೆ ಹಣ ಕೊಡುವ ಮೊದಲು ಒಂದು ಕೆಲಸ ಮಾಡಿ. ಎಂಜಿನ್ ನಿಲ್ಲಿಸಿ, ಫಿಲ್ಟರ್ ಡಬ್ಬದಿಂದ ಟರ್ಬೊಗೆ ಹೋಗುವ ಹೋಸನ್ನು ಬಿಚ್ಚಿ, ಅದರ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಎಂಜಿನ್ನಿನೊಳಗಿನ ಆವಿ ಹೊರಬರುವ ಬ್ರೀದರ್ ಕೊಳವೆಯಿಂದ ಬರುವ ತುಸು ಆಯಿಲ್ ಪಸೆ ಇದ್ದರೆ ಚಿಂತೆಯಿಲ್ಲ. ಬಟ್ಟೆಗೆ ಮಣ್ಣು ಹತ್ತಿದರೆ, ಬೆರಳುಗಳ ನಡುವೆ ಉಜ್ಜಿದಾಗ ಗರಗರ ಎಂದರೆ, ಧೂಳು ಫಿಲ್ಟರಿನ ಪಕ್ಕದಿಂದಲೋ ಸಡಿಲ ಕ್ಲ್ಯಾಂಪಿನಿಂದಲೋ ಸೀಳಿದ ಹೋಸಿನಿಂದಲೋ ನುಗ್ಗುತ್ತಿದೆ. ಆಗ ಜಗತ್ತಿನ ಯಾವ ಫಿಲ್ಟರ್ ತಂದರೂ ಪ್ರಯೋಜನವಿಲ್ಲ. ಟರ್ಬೊ ಬಾಯಿಯಲ್ಲಿ ಕಾಣುವ ಅಲ್ಯೂಮಿನಿಯಂ ಚಕ್ರದ ರೆಕ್ಕೆಗಳ ಅಂಚನ್ನೂ ಟಾರ್ಚ್ ಹಿಡಿದು ನೋಡಿ: ಚೂಪಾಗಿ ನೇರವಾಗಿದ್ದರೆ ಸರಿ, ಸವೆದು ಮೊಂಡಾಗಿದ್ದರೆ ಧೂಳು ಬಹಳ ದಿನಗಳಿಂದ ಒಳಗೆ ಹೋಗುತ್ತಿದೆ. ಅಂಥ ಗುರುತು ಕಂಡರೆ ಹೋಸ್ ಮತ್ತು ಕ್ಲ್ಯಾಂಪುಗಳನ್ನು ಮೊದಲು ಬದಲಿಸಿ, ಡಬ್ಬದ ಮುಚ್ಚಳದ ಕ್ಲಿಪ್ಪುಗಳು ಬಿಗಿಯಾಗಿ ಕೂರುತ್ತವೆಯೇ ನೋಡಿ, ಅದಾದ ಮೇಲೆ ಫಿಲ್ಟರ್ ಕೊಳ್ಳಿರಿ. ಒರೆಸಿದ ಬಟ್ಟೆಯ ಮತ್ತು ಟರ್ಬೊ ಚಕ್ರದ ಚಿತ್ರಗಳನ್ನು ಇಲ್ಲಿ ಹಾಕಿದರೆ ಧೂಳು ಎಲ್ಲಿಂದ ಬರುತ್ತಿರಬಹುದು ಎಂದು ನೋಡಿ ಹೇಳುತ್ತೇನೆ.